ಸಕ್ಕರೆಯ ನಡುವೆ ಛತ್ರಿ ಹಿಡಿದ ದೊರೆಸಾನಿ

ನಾನು ಒಂದು ತಪ್ಪನ್ನು ಒಪ್ಪಿಕೊಳ್ಳಲು ಕುಳಿತಿದ್ದೇನೆ. ಆದರೆ ಯಾವುದು ತಪ್ಪು ಎಂಬುದನ್ನು ನಾನೇ ತೀರ್ಮಾನಿಸುತ್ತೇನೆ. ಅದನ್ನು ಓಣಿಯವರಿಗೆ ಬಿಟ್ಟುಕೊಡುವುದಿಲ್ಲ. ಹಾನಗಲ್ಲಿನ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ, “ಚನ್ನಬಸಪ್ಪಗ ಎಪ್ಪತ್ತು ದಾಟಿದ ಮ್ಯಾಲ ಗೊಂಬಿ ಹುಚ್ಚು ಹಿಡಿದೈತಿ, ಅದ ಅವನ ತಪ್ಪು” ಎನ್ನುತ್ತಾರೆ. ಅದು ತಪ್ಪಲ್ಲ. ಅದನ್ನು ತಪ್ಪೆಂದು ನಾನು ಸಾಯುವ ತನಕ ಒಪ್ಪುವುದಿಲ್ಲ, ಸತ್ತ ಮೇಲೆ ಯಾರಾದರೂ ಕೇಳಿದರೆ ಆಗಲೂ ಒಪ್ಪುವುದಿಲ್ಲ. ನನ್ನ ವಾರಿಗೆಯ ಮುದುಕರು ಏನು ಮಾಡುತ್ತಾರೆ ನೋಡಿ. ಒಬ್ಬರು ಮುಂಜಾನೆಯಿಂದ ಇಸ್ಪೀಟು ಆಡುತ್ತಾರೆ. ಇನ್ನೊಬ್ಬರು ಕಟ್ಟೆಯ ಮೇಲೆ ಕುಳಿತು ಯಾರ ಮನೆಯ ಸೊಸೆ ಎಷ್ಟು ಹೊತ್ತಿಗೆ ಎದ್ದಳು ಎಂದು ವಿಚಾರಣೆ ನಡೆಸುತ್ತಾರೆ. ಮತ್ತೊಬ್ಬರು ದಿನಾ ರಕ್ತದೊತ್ತಡ ನೋಡಿಸಿಕೊಂಡು ಬಂದು, ಸಿಕ್ಕವರಿಗೆಲ್ಲ ಅದನ್ನು ಕ್ರಿಕೆಟ್ಟಿನ ಸ್ಕೋರಿನಂತೆ ಸಾರುತ್ತಾರೆ. ಇವರಾರಿಗೂ ಹುಚ್ಚಿಲ್ಲವಂತೆ. ಕಡಲೆಕಾಳಿನಷ್ಟು ದೊಡ್ಡ ಪಿಂಗಾಣಿ ನಾಯಿಯನ್ನು ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಮೇಜಿನ ಮೇಲಿಟ್ಟು, ಸರಿಯಾಗಿ ಕೂತಿತೇ ಎಂದು ಒಂದು ಕಣ್ಣು ಮುಚ್ಚಿ ನೋಡುವ ನನಗೆ ಮಾತ್ರ ಹುಚ್ಚು!

ನಾನು ಓದಿದ್ದು ಮ್ಯಾಟ್ರಿಕ್ಕಿನ ತನಕ. ಮಾಡಿದ್ದು ಬಾಂದು ಜವಾನನ ನೌಕರಿ. ಅಂದರೆ ಸರ್ವೆ ಸಾಹೇಬರು ಹೊಲ ಅಳೆಯುವಾಗ ಸರಪಳಿಯ ಇನ್ನೊಂದು ತುದಿ ಹಿಡಿದುಕೊಂಡು ಜಾಲಿಮುಳ್ಳಿನೊಳಗೆ ನುಗ್ಗುವವನು. ಸಾಹೇಬರು ನೆರಳಿನಲ್ಲಿ ನಿಂತು “ಇನ್ನೂ ಹಿಂದಕ್ಕ ಸರಿ, ಇನ್ನೂ ಹಿಂದಕ್ಕ” ಎನ್ನುತ್ತಿದ್ದರು. ನಾನು ಸರಿಯುತ್ತಾ ಸರಿಯುತ್ತಾ ಒಮ್ಮೆ ಶಿಗ್ಗಾಂವಿ ಕಡೆಯ ಒಂದು ಹಾಳುಬಾವಿಗೆ ಹಿಮ್ಮುಖವಾಗಿ ಬಿದ್ದಿದ್ದೇನೆ. ಬಾವಿಯಲ್ಲಿ ನೀರಿರಲಿಲ್ಲ, ಕೈಯಲ್ಲಿದ್ದ ಸರಪಳಿಯನ್ನೂ ಬಿಟ್ಟಿರಲಿಲ್ಲ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲ್ಲೂಕುಗಳಲ್ಲಿ ನಾನು ತುಳಿಯದ ಬದು ಇಲ್ಲ. ಒಂದು ಗೇಣು ಬದುವಿಗಾಗಿ ಒಡಹುಟ್ಟಿದವರು ಕುಡಗೋಲು ಎತ್ತಿದ್ದನ್ನು ಕಂಡಿದ್ದೇನೆ. ಮೂವತ್ತೈದು ವರ್ಷ ಹೀಗೆ ಮಂದಿಯ ದೊಡ್ಡ ದೊಡ್ಡ ಆಸ್ತಿಗಳನ್ನು ಅಳೆದ ಮೇಲೆ ಒಬ್ಬ ಮನುಷ್ಯನಿಗೆ ಯಾರೂ ಪಾಲು ಕೇಳದಂಥ ಒಂದು ಸಣ್ಣ ಆಸ್ತಿ ಬೇಕೆನ್ನಿಸಿದರೆ ಅದರಲ್ಲಿ ಆಶ್ಚರ್ಯವೇನಿದೆ?

ಆ ಆಸ್ತಿ ನನಗೆ ಸಿಕ್ಕಿದ್ದು ಸವಣೂರಿನಲ್ಲಿ. ನೆಂಟರ ಮನೆಯ ಸೀಮಂತಕ್ಕೆ ವೀಳ್ಯದೆಲೆ ತರಲು ಹೋದವನು, ಹಳೆಯ ಸಾಮಾನಿನ ಅಂಗಡಿಯೊಂದರ ಮುಂದೆ ಬಿಸಿಲಿಗೆ ನಿಂತೆ. ಮುರಿದ ಕುರ್ಚಿಗಳ ಮೇಲೆ ಮರದ ಒಂದು ಗೂಡು ಬೋರಲು ಬಿದ್ದಿತ್ತು. ಅಂಗಡಿಯ ಸಾಹೇಬರು, “ತಗೋರಿ ಯಜಮಾನ್ರ, ಕಬೂತರ್ ಸಾಕಾಕ ಛಲೋ ಐತಿ” ಎಂದರು. ನನಗೂ ಪಾರಿವಾಳದ ಗೂಡೆಂದೇ ಅನ್ನಿಸಿತು. ಆದರೆ ಅದನ್ನು ನೆಟ್ಟಗೆ ನಿಲ್ಲಿಸಿದಾಗ ಮುಂಭಾಗ ಕಪಾಟಿನ ಬಾಗಿಲಿನಂತೆ ತೆರೆದುಕೊಂಡಿತು. ಒಳಗೆ ಎರಡು ಅಂತಸ್ತು. ಗೋಡೆಗೆ ಸಣ್ಣ ಹೂವಿನ ಬಣ್ಣದ ಕಾಗದ. ಚಳಿ ಕಾಯಿಸಿಕೊಳ್ಳಲು ಗೋಡೆಯಲ್ಲೇ ಒಂದು ಒಲೆ, ಒಲೆಯ ಮೇಲೆ ಅಲಂಕಾರದ ಸಾಮಾನು ಇಡಲು ಒಂದು ಹಲಗೆ. ನಡುವೆ ಕಟಕಟೆ ಸಹಿತ ಒಂದು ಮೆಟ್ಟಿಲು, ಅರ್ಧಕ್ಕೆ ಹೋಗಿ ಎಡಕ್ಕೆ ಹೊರಳಿ ಮೇಲೆ ಏರುತ್ತದೆ. ಆ ಹೊರಳುವಿಕೆಯನ್ನು ಮಾಡಿದ ಬಡಿಗನ ಕೈಗೆ ನಾನು ಅಲ್ಲೇ ನಿಂತು ಮನಸ್ಸಿನಲ್ಲೇ ನಮಸ್ಕಾರ ಮಾಡಿದೆ. ಪಾರಿವಾಳಗಳಿಗೆ ಮೆಟ್ಟಿಲೇಕೆ ಎಂದು ಸಾಹೇಬರನ್ನು ಕೇಳಲಿಲ್ಲ. ಕೇಳಿದ್ದರೆ ಅವರೂ ಯೋಚನೆ ಮಾಡುತ್ತಿದ್ದರು. ಬಸ್ಸಿನ ನೆತ್ತಿಯ ಮೇಲೆ ಹೇರಿಸಿಕೊಂಡು ಮನೆಗೆ ತಂದೆ. ಎಲೆ ತರುವುದು ಮರೆತಿತ್ತು. ಮಗ ಈರಣ್ಣ ಮೊಬೈಲಿನಲ್ಲಿ ಹುಡುಕಿ, “ಅಪ್ಪಾ, ಇದು ವಿಕ್ಟೋರಿಯಾ ರಾಣಿ ಕಾಲದ ನಮೂನಿ ಗೊಂಬಿಮನಿ. ವಿಲಾಯಿತಿಯೊಳಗ ಮುದುಕರೂ ಇದರಾಗ ಸಾಮಾನು ಹೊಂದಸ್ತಾರಂತ” ಎಂದು ಹೇಳಿದ. ‘ಮುದುಕರೂ’ ಎಂಬ ಆ ಒಂದು ಮಾತೇ ನನಗೆ ಸರಕಾರಿ ಆದೇಶವಾಯಿತು.

ಅಳತೆ ಹಾಕಿದೆ. ಅಡಿಗೆ ಒಂದು ಇಂಚು. ಅಂದರೆ ಅಲ್ಲಿ ವಾಸ ಮಾಡುವ ದೊರೆ ಆರಡಿ ಇದ್ದರೆ ನಮ್ಮಲ್ಲಿ ಆರಿಂಚು. ಹಳೆಯ ರೂಢಿಯ ಪ್ರಕಾರ ಒಂದು ಕೈನಕ್ಷೆ ಬರೆದು, ಚಕ್ಕುಬಂದಿಯನ್ನೂ ನಮೂದಿಸಿದೆ: ಪೂರ್ವಕ್ಕೆ ಜೋಳದ ಚೀಲ, ಪಶ್ಚಿಮಕ್ಕೆ ಹೊಲಿಗೆ ಯಂತ್ರ, ಉತ್ತರಕ್ಕೆ ಗೋಡೆ, ದಕ್ಷಿಣಕ್ಕೆ ಹೆಂಡತಿ ಗಂಗವ್ವ ಓಡಾಡುವ ದಾರಿ. ಆಮೇಲೆ ಅಲಂಕಾರದ ಪ್ರತಿಮೆಗಳನ್ನು ಕೂಡಿಸುವ ಕೆಲಸ ಶುರುವಾಯಿತು. ದೊಡ್ಡ ಮನೆಯೆಂದ ಮೇಲೆ ಒಲೆಯ ಹಲಗೆಯ ಮೇಲೆ, ಮೆಟ್ಟಿಲ ಹೊರಳಿನಲ್ಲಿ, ಕಿಟಕಿಯ ಪಕ್ಕದಲ್ಲಿ ಚಂದದ ಮೂರ್ತಿಗಳು ಬೇಡವೇ? ಶಿಗ್ಗಾಂವಿ ಬಸ್ಟ್ಯಾಂಡಿನ ಹತ್ತಿರ ಮೀನಿನ ತೊಟ್ಟಿ ಮಾರುವ ಅಂಗಡಿಯಲ್ಲಿ, ನೀರೊಳಗೆ ಇಡುವ ಅರ್ಧ ಮೀನು ಅರ್ಧ ಹೆಂಗಸಿನ ಒಂದು ಮೂರ್ತಿ ಸಿಕ್ಕಿತು; ಅವಳನ್ನು ಗೊಂಬೆಮನೆಯ ಬಚ್ಚಲಿಗೆ ಕೊಟ್ಟೆ. ಹುಟ್ಟುಹಬ್ಬದ ಕೇಕಿನ ಮೇಲೆ ನೆಡುವ ಒಂದು ಕುದುರೆ ಸಿಕ್ಕಿತು. ಉಳಿದವು ಅಂಚೆಯಲ್ಲಿ ಬರತೊಡಗಿದವು: ನಾಯಿಗಳ ಜೋಡಿ, ಕುರಿ ಕಾಯುವ ಹುಡುಗಿ, ಪುಸ್ತಕ ಓದುವ ಬೆಕ್ಕು. ಗಂಗವ್ವ ಸೊಂಟದ ಮೇಲೆ ಕೈಯಿಟ್ಟು ನಿಂತು ಹೇಳಿದ್ದು ಇಷ್ಟೇ: “ಮಂದಿ ಮನಿಯಾಗ ಮಕ್ಕಳು ಗೊಂಬಿ ಆಡ್ತಾವು. ನಮ್ಮನ್ಯಾಗ ಮುದುಕ ಗೊಂಬಿ ಆಡ್ತಾನ. ಸಾಲದಂತ, ಆ ಗೊಂಬಿಗೋಳಿಗೂ ಆಡಾಕ ಗೊಂಬಿ ತರ್ತಾನ.” ತರ್ಕ ಸರಿಯಾಗಿತ್ತು. ನಾನು ಓದುವ ಬೆಕ್ಕನ್ನು ಕಿಟಕಿಯ ಹತ್ತಿರಕ್ಕೆ ಸರಿಸಿದೆ.

ಇಷ್ಟಾಗಿದ್ದರೆ ಇದು ಗಂಡ ಹೆಂಡಿರ ಮಾಮೂಲು ಜಗಳವಾಗಿ ಮುಗಿಯುತ್ತಿತ್ತು. ಆದರೆ ನಡುವೆ ಈರಣ್ಣನ ಮದುವೆ ಬಂತು. ಬಂತು ಎಂದರೆ ಸುಲಭವಾಗಿ ಬಂತೆಂದು ತಿಳಿಯಬೇಡಿ. ಹುಡುಗ ಗುಣವಂತ, ದುಡಿಯುವವ, ಗೋವಿನಜೋಳ ಭತ್ತ ಬೆಳೆಯುತ್ತಾನೆ. ಆದರೆ ಈಗಿನ ಕಾಲದಲ್ಲಿ ರೈತನೆಂದರೆ ಹೆಣ್ಣು ಕೊಡುವವರು ಚಹಾ ಕುಡಿಯುವ ಮೊದಲೇ ಎದ್ದು ಹೋಗುತ್ತಾರೆ. ನಾಲ್ಕು ವರ್ಷ ನಾವು ಹೆಣ್ಣು ಹುಡುಕಿದೆವು. ಕೊನೆಗೆ ಹಿರೇಕೆರೂರಿನಲ್ಲಿ ಒಂದು ಮನೆಯವರು ಮನಸ್ಸು ಮಾಡಿದರು. ಹುಡುಗಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ಹೆಸರು ಶಶಿಕಲಾ. ಅವರು ನಮ್ಮ ಮನೆ ನೋಡಲು ಬರುವ ದಿನ ಗಂಗವ್ವ ನನ್ನ ಗೊಂಬೆಮನೆಯ ಮೇಲೆ ಕೌದಿ ಹೊದಿಸಿ, ಮುಂದೆ ಎರಡು ಜೋಳದ ಚೀಲ ನಿಲ್ಲಿಸಿದಳು. “ಹುಡುಗನ ಅಪ್ಪಗ ತಲಿ ಸರಿ ಇಲ್ಲ ಅಂತ ತಿಳಿದ್ರ ಯಾರ್ ಹೆಣ್ಣ ಕೊಡ್ತಾರ್ರೀ? ರಕ್ತದಾಗ ಬರ್ತೈತಿ ಅಂತಾರ. ಮದವಿ ಅಕ್ಕಿಕಾಳು ಬೀಳೂತನಕ ಒಂದ ಒಂದ ಗೊಂಬಿ ಮನಿಯೊಳಗ ಬರಬಾರದು. ನನ್ನ ಮ್ಯಾಲ ಆಣಿ ಮಾಡ್ರಿ.” ನಾನು ಆಣೆ ಮಾಡಿದೆ. ಆದರೆ ಅದಕ್ಕೆ ಎರಡು ದಿನ ಮೊದಲೇ ಆರು ಮೂರ್ತಿಗಳಿಗೆ ಆರ್ಡರು ಹೋಗಿತ್ತು. ಆಣೆ ಮುಂದಿನದಕ್ಕೆ ಅನ್ವಯಿಸುತ್ತದೆಯೇ ಹೊರತು ಹಿಂದಿನದಕ್ಕಲ್ಲ ಎಂಬುದು ಕಚೇರಿಯಲ್ಲಿ ದುಡಿದ ಯಾರಿಗಾದರೂ ಗೊತ್ತಿರುವ ಸಂಗತಿ.

ಅಷ್ಟರಲ್ಲಿ ಗೌರಿ ಹುಣ್ಣಿಮೆ ಹತ್ತಿರ ಬಂತು. ನಮ್ಮ ಕಡೆ ಹೆಣ್ಣು ಗೊತ್ತಾದ ಮೇಲೆ ಬರುವ ಗೌರಿ ಹುಣ್ಣಿಮೆಗೆ ಗಂಡಿನವರು ಸಕ್ಕರೆ ಆರತಿ ಒಯ್ಯಬೇಕು. ಸೀರೆ, ಹೂವಿನ ದಂಡೆ, ಮತ್ತು ಒಂದು ಪೆಟ್ಟಿಗೆ ತುಂಬ ಸಕ್ಕರೆ ಗೊಂಬೆಗಳು. ಹುಡುಗಿ ಅವನ್ನು ತಟ್ಟೆಯಲ್ಲಿ ಹೊಂದಿಸಿ, ಅವು ಬಂದ ದಿನದಿಂದ ಹುಣ್ಣಿಮೆಯ ತನಕ ದಿನಾ ಸಂಜೆ ಗೌರಿಗೆ ಆರತಿ ಬೆಳಗುತ್ತಾಳೆ. ಆಮೇಲೆ ಎಲ್ಲರೂ ಗೊಂಬೆಗಳನ್ನು ಪ್ರಸಾದವೆಂದು ಕಡಿದು ತಿನ್ನುತ್ತಾರೆ. ನಮ್ಮ ಓಣಿಯಲ್ಲಿ ಈ ಗೊಂಬೆಗಳನ್ನು ಮಾಡುವವಳು ನೀಲವ್ವ. ಗಂಡ ಇಲ್ಲ. ಅತ್ತೆ ಬಿಟ್ಟುಹೋದ ಮರದ ಅಚ್ಚುಗಳಿವೆ. ಎರಡು ಹೋಳುಗಳನ್ನು ದಾರದಿಂದ ಬಿಗಿದು, ಹಾಲು ಹಾಕಿ ತಿಳಿ ಮಾಡಿದ ಸಕ್ಕರೆ ಪಾಕ ಸುರಿಯುತ್ತಾಳೆ. ಆರಿದ ಮೇಲೆ ಬಿಚ್ಚಿದರೆ ಬಸವಣ್ಣ, ಆನೆ, ಗಿಳಿ, ಕಳಸ. ವರ್ಷದ ಅವಳ ದುಡಿಮೆಯೆಲ್ಲ ಆ ಒಂದು ವಾರದಲ್ಲಿದೆ. ಅವಳ ಗೊಂಬೆಗಳು ಹಾಲಿನಷ್ಟು ಬಿಳಿ. ನನ್ನ ಆರು ಮೂರ್ತಿಗಳೂ ಬಿಳಿ ಪಿಂಗಾಣಿಯವು, ಬೆರಳುದ್ದ. ಈಗ ನಿಮಗೆ ಮುಂದಿನದು ಗೊತ್ತಾಗಿರಬೇಕು. ನನಗೆ ಮಾತ್ರ ಆಗ ಗೊತ್ತಾಗಲಿಲ್ಲ.

ಅಂಚೆಯವನು ನನ್ನ ಪೊಟ್ಟಣ ಕೊಟ್ಟಾಗ ಗಂಗವ್ವ ಹಿತ್ತಲಿನಲ್ಲಿದ್ದಳು. ನೀಲವ್ವನ ಸಕ್ಕರೆ ಗೊಂಬೆಗಳು ಆಗಲೇ ದೇವರ ಮನೆಯಲ್ಲಿ ಮಿಠಾಯಿ ಪೆಟ್ಟಿಗೆಯೊಂದರಲ್ಲಿ ಹತ್ತಿಯ ಮೇಲೆ ಮಲಗಿದ್ದವು. ಆ ಪೆಟ್ಟಿಗೆಯನ್ನು ಯಾರೂ ಮುಟ್ಟುವುದಿಲ್ಲ, ಮುಟ್ಟಿದರೆ ಮೈಲಿಗೆ. ಮನೆಯಲ್ಲಿ ಅದಕ್ಕಿಂತ ಭದ್ರವಾದ ಜಾಗ ಇನ್ನಾವುದಿದೆ? ಕಾಗದ ಬಿಚ್ಚಿ ಬಿಸಾಕಿ, ಛತ್ರಿ ಹಿಡಿದ ದೊರೆಸಾನಿ, ಹಂಸ, ಕೊಳಲು ಊದುವ ಹುಡುಗ, ಕೋಟು ತೊಟ್ಟ ದೊರೆ, ಜಿಂಕೆ, ಹೂಬುಟ್ಟಿ ಹೊತ್ತ ಹುಡುಗಿ, ಆರೂ ಜನರನ್ನು ಹತ್ತಿಯ ಅಡಿಗೆ ಸೇರಿಸಿದೆ. ಹುಣ್ಣಿಮೆಗೆ ಇನ್ನೂ ಐದು ದಿನವಿದೆ, ಮರುದಿನ ತೆಗೆದರಾಯಿತು ಎಂದುಕೊಂಡೆ. ಮರುದಿನ ಗಂಗವ್ವ ನನ್ನನ್ನು ಹೂವಿನ ದಂಡೆ ತರಲು ಪೇಟೆಗೆ ಅಟ್ಟಿದಳು. ದಂಡೆ ಹಿಡಿದುಕೊಂಡು ಬಂದು ನೋಡುತ್ತೇನೆ, ಅವಳ ತಂಗಿ ಟಂಟಂ ಗಾಡಿ ತಂದು ನಿಲ್ಲಿಸಿದ್ದಾಳೆ, ಪೆಟ್ಟಿಗೆ ಅವಳ ತೊಡೆಯ ಮೇಲಿದೆ. “ಹುಣ್ಣಿವಿ ದಿನ ಗದ್ದಲ ಆಕ್ಕೈತಿ, ಇವತ್ತ ಕೊಟ್ಟ ಬರ್ತೇವಿ. ದಂಡಿ ಕೊಡ್ರಿ ಇತ್ತಾಗ” ಎಂದಳು ಗಂಗವ್ವ. ನಾನು ಬಾಯಿ ತೆರೆದೆ. ತೆರೆದ ಬಾಯಿಗೆ ಗಾಡಿಯ ಹೊಗೆ ಬಂದು ತುಂಬಿತು.

ಸಂಜೆ ಅವಳು ಸಂಭ್ರಮದಿಂದ ಮರಳಿದಳು. ಅಲ್ಲಿ ಹೋಳಿಗೆ ಊಟವಂತೆ, ಉಡಿ ತುಂಬಿದರಂತೆ. ಇವಳು ಒಳಗೆ ಉಡಿ ತುಂಬಿಸಿಕೊಳ್ಳುವಾಗ ಆ ಮನೆಯ ಹೆಣ್ಣುಮಕ್ಕಳೇ ಪೆಟ್ಟಿಗೆ ಬರಿದು ಮಾಡಿ ತಟ್ಟೆ ಹೊಂದಿಸಿದರಂತೆ. “ನೀಲವ್ವ ಈ ವರ್ಷ ಏನ್ ಛಂದ ಮಾಡ್ಯಾಳ್ರೀ! ನಾ ಇಲ್ಲಿ ಸರಿಯಾಗಿ ನೋಡಿದ್ದಿಲ್ಲ. ಒಬ್ಬಾಕಿ ಗೌರವ್ವ ಛತ್ರಿ ಹಿಡಕೊಂಡು ನಿಂತಿದ್ಲು, ಲಂಗದ ನೆರಿಗಿ ಸುದ್ದಾ ಎಣಸಬಹುದು. ನಮ್ಮ ಬೀಗತಿ, ಈ ವರ್ಷ ಮಳಿ ಭಾಳ ಆತಲ್ಲ, ಅದಕ್ಕ ಗೌರವ್ವಗ ಛತ್ರಿ ಕೊಟ್ಟಾಳ ಅಂತ ನಕ್ಕಳು.” ನನ್ನ ಸಂಗ್ರಹವನ್ನು ಗಂಗವ್ವ ಹೊಗಳಿದ್ದು ಅದೇ ಮೊದಲು, ಅದೇ ಕೊನೆ. ಸಂತೋಷಪಡಲೂ ಆಗದಂಥ ಹೊಗಳಿಕೆ.

ಮರುದಿನ ಮುಂಜಾನೆ ಹಿರೇಕೆರೂರಿನಿಂದ ಫೋನು ಬಂತು. ಹುಡುಗಿಯ ಅಪ್ಪ. “ಬೀಗರ, ತಪ್ಪು ತಿಳೀಬ್ಯಾಡ್ರಿ. ನಿಮ್ಮ ಸಕ್ಕರಿಯೊಳಗ ಕಲ್ಲು ಬಂದೈತ್ರಿ. ನಮ್ಮವ್ವ ಕಡಿದ್ಲು, ಮುಂದಿನ ಹಲ್ಲು ಹೋತು. ಇದ್ದದ್ದ ಮೂರು.” ಹಿಂದಿನ ಸಂಜೆ ಆರತಿಯಾದ ಮೇಲೆ ಆ ಮನೆಯಲ್ಲಿ ಮೊದಲ ಪ್ರಸಾದ ಹಿರಿಯಳಾದ ಅಜ್ಜಿಯದು. ಮೂರು ಹಲ್ಲಿನ ಬಾಯಿಗೆ ಸಣ್ಣದೇ ಇರಲಿ ಎಂದು ಅವರು ಆರಿಸಿಕೊಂಡದ್ದು ದೊರೆಸಾನಿಯನ್ನು; ಅವಳು ಮುರಿಯದ್ದನ್ನು ಕಂಡು ಸಕ್ಕರೆಯ ಒಳಗೆ ಕಲ್ಲಿದೆ ಎಂದುಕೊಂಡಿದ್ದರು. ಶುಭಕಾರ್ಯದ ಸಕ್ಕರೆಯಲ್ಲಿ ಕಲ್ಲು ಬಂದದ್ದು ಒಳ್ಳೆಯ ಶಕುನವಲ್ಲ ಎಂದು ಹಿರಿಯರು ಮಾತಾಡುತ್ತಿದ್ದಾರೆ ಎಂದೂ ಅವರು ಸೇರಿಸಿದರು. ಗಂಗವ್ವ ನನ್ನ ಮುಖ ನೋಡುತ್ತಿದ್ದಳು. ಈರಣ್ಣ ಊಟದ ತಟ್ಟೆಯ ಮುಂದೆ ಕೈ ನಿಲ್ಲಿಸಿ ಕೂತಿದ್ದ. ನಾಲ್ಕು ವರ್ಷದ ಹುಡುಕಾಟ ಆ ಫೋನಿನ ತುದಿಯಲ್ಲಿ ನೇತಾಡುತ್ತಿತ್ತು. ಆ ಕ್ಷಣ ನಾನು ಒಂದು ಮಾತು ಹೇಳಿದೆ. ನನ್ನ ತಪ್ಪೆಂದರೆ ಆ ಮಾತು. “ನಮ್ಮ ಓಣಿ ನೀಲವ್ವ ಮಾಡಿದ್ದರಿ. ಈಗಿನ ಕಾಲದಾಗ ಯಾರ್ ಏನ್ ಬೆರಸ್ತಾರೋ ಯಾರಿಗೆ ಗೊತ್ರಿ.” ಅಷ್ಟೇ. ಸುಳ್ಳು ಹೇಳುವಾಗ ನಾಲಿಗೆ ತಡವರಿಸುತ್ತದೆ ಎನ್ನುತ್ತಾರೆ. ನನ್ನದು ತಡವರಿಸಲಿಲ್ಲ. ಎಣ್ಣೆ ಹಾಕಿದ ಬಾಗಿಲಿನ ಹಾಗೆ ತಿರುಗಿತು.

ಗಂಗವ್ವ ಆ ಮಾತನ್ನು ನಂಬಿದಳು. ನಂಬಿದ ಮೇಲೆ ಸುಮ್ಮನೆ ಕೂರುವವಳಲ್ಲ. ಮಧ್ಯಾಹ್ನದೊಳಗೆ ನಲ್ಲಿಯ ಹತ್ತಿರ ನೀರು ಹಿಡಿಯುವ ಹೆಂಗಸರೆಲ್ಲರಿಗೂ ಸುದ್ದಿ ಮುಟ್ಟಿತು. ಸಂಜೆಯ ಹೊತ್ತಿಗೆ ಕಲ್ಲು ಸುಣ್ಣವಾಗಿತ್ತು, ಮರುದಿನದ ಹೊತ್ತಿಗೆ ಸುಣ್ಣ ಗಾರೆಯಾಗಿತ್ತು. ಹಲ್ಲು ಒಂದಿದ್ದದ್ದು ನಾಲ್ಕಾಗಿತ್ತು. ಇದ್ದ ಮೂರರಲ್ಲಿ ನಾಲ್ಕು ಹೋಗುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ಎರಡನೆಯ ದಿನ ನಾನು ನೀಲವ್ವನ ಮನೆಯ ಮುಂದೆ ಹಾದುಹೋದೆ. ಬೇರೆ ದಾರಿ ಇದ್ದರೆ ಹೋಗುತ್ತಿದ್ದೆ, ಇರಲಿಲ್ಲ. ಮಂದಿ ತಿರುಗಿ ಕೊಟ್ಟ ಗೊಂಬೆಗಳ ಪೊಟ್ಟಣಗಳು ಕಟ್ಟೆಯ ಮೇಲೆ ಸಾಲಾಗಿದ್ದವು. ಅವಳು ನಡುವೆ ಕುಳಿತು ಒಂದೊಂದೇ ಗೊಂಬೆಯನ್ನು ಎತ್ತಿಕೊಂಡು ಕಡಿಯುತ್ತಿದ್ದಳು. ಬಸವಣ್ಣನ ಕೊಂಬು ಕಡಿದಳು, ನೋಡಿದಳು, ಪಕ್ಕಕ್ಕಿಟ್ಟಳು. ಆನೆಯ ಸೊಂಡಿಲು ಕಡಿದಳು, ನೋಡಿದಳು, ಇಟ್ಟಳು.

“ಏನ್ ಮಾಡಾಕತ್ತಿಯವ್ವಾ?” ಎಂದೆ.

“ಕಲ್ಲು ಹುಡುಕಾಕತ್ತೇನಿ ಚನ್ನಬಸಣ್ಣ. ನಲವತ್ತು ವರ್ಷ ಆತು, ಪಾಕ ಸೋಸದ ಹಾಕಿದಾಕಿ ಅಲ್ಲ ನಾ. ಕಣ್ಣ ಮಂದ ಆಗ್ಯಾವೇನೋ. ಎಲ್ಲಿಂದ ಬಂತು ಅಂತ ಗೊತ್ತಾದ್ರ ಅಚ್ಚು ಕಟ್ಟಿ ಅಟ್ಟದ ಮ್ಯಾಲ ಇಟ್ಟಬಿಡ್ತೇನಿ. ಮಂದಿ ಹಲ್ಲ ಮುರದು ಹೊಟ್ಟಿ ಹೊರಕೊಳ್ಳೂದು ಬ್ಯಾಡ.” ಹೀಗೆಂದು ಒಂದು ಗಿಳಿಯನ್ನು ಮುರಿದು ಅರ್ಧ ನನ್ನ ಕೈಗೆ ಕೊಟ್ಟಳು. “ನಿನ್ನ ಹಲ್ಲು ಗಟ್ಟಿ ಅದಾವು. ನೀನೂ ಒಂಚೂರು ನೋಡು.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಂಥ ಒಳ್ಳೆಯ ಸಕ್ಕರೆಯನ್ನು ನಾನು ಈ ಜನ್ಮದಲ್ಲಿ ತಿಂದಿಲ್ಲ, ಅಷ್ಟು ಕಷ್ಟಪಟ್ಟು ನುಂಗಿಯೂ ಇಲ್ಲ. ಅಲ್ಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಹೇಡಿ ಎನ್ನಿ, ಒಪ್ಪುತ್ತೇನೆ. ಸುಳ್ಳು ಹೇಳಿದ್ದು ಹಿರೇಕೆರೂರಿಗೆ, ಮೊದಲು ಅಲ್ಲಿ ಸರಿ ಮಾಡಬೇಕು ಎಂದು ನನಗೆ ನಾನೇ ಒಂದು ನಿಯಮ ಹಾಕಿಕೊಂಡು ನೆಟ್ಟಗೆ ಬಸ್ಟ್ಯಾಂಡಿಗೆ ನಡೆದೆ. ಮನೆಯಲ್ಲಿ ಹೇಳಿದರೆ ಗಂಗವ್ವ ಹೋಗಗೊಡುವುದಿಲ್ಲ, ಮದುವೆ ಮುರಿಯುತ್ತದೆಂದು ಕಾಲು ಹಿಡಿಯುತ್ತಾಳೆ. ಹಿಡಿದರೆ ನಾನು ನಿಂತುಬಿಡುತ್ತೇನೆ. ನನ್ನ ಬಗ್ಗೆ ನನಗೆ ಅಷ್ಟು ಗೊತ್ತು. ಹಾದಿಯುದ್ದಕ್ಕೂ ಡಾಂಬರಿನ ಮೇಲೆ ಗೋವಿನಜೋಳ ಒಣಹಾಕಿದ್ದರು, ಬಸ್ಸು ಅರ್ಧ ರಸ್ತೆಯಲ್ಲಿ ಹೋಗುತ್ತಿತ್ತು. ಚಿಕ್ಕೇರೂರು ದಾಟುವ ತನಕ ಹೇಳಬೇಕಾದ ಮಾತನ್ನು ಹತ್ತು ರೀತಿಯಲ್ಲಿ ಜೋಡಿಸಿ ನೋಡಿದೆ. ಪ್ರತಿಯೊಂದು ರೀತಿಯಲ್ಲೂ ಕೊನೆಗೆ ನಾನೇ ಒಳ್ಳೆಯವನಾಗಿ ಹೊರಬರುತ್ತಿದ್ದೆ. ಆಮೇಲೆ ಜೋಡಿಸುವುದನ್ನು ಬಿಟ್ಟೆ.

ಬೀಗರ ಮನೆಯಲ್ಲಿ ಎಲ್ಲರೂ ಇದ್ದರು. ಅಜ್ಜಿ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದರು. “ಬರ್ರಿ, ಕುಂದರ್ರಿ” ಎಂದರು ಹುಡುಗಿಯ ಅಪ್ಪ, ಎಂದಿನ ಸಲಿಗೆ ಇರಲಿಲ್ಲ. ನಾನು ಕೂರದೆ ಹೇಳಿದೆ: “ನೀಲವ್ವನ ಸಕ್ಕರಿಯೊಳಗ ಕಲ್ಲಿಲ್ರಿ. ಅದು ನಂದು. ನಾನು ಗೊಂಬಿ ಕೂಡಸ್ತೇನಿ. ಹೆಂಡ್ತಿಗೆ ಹೆದರಿ ಸಕ್ಕರಿ ಪೆಟಗ್ಯಾಗ ಮುಚ್ಚಿಟ್ಟಿದ್ದೆ. ಫೋನಿನ್ಯಾಗ ನಿಮಗ ಸುಳ್ಳ ಹೇಳಿದೆ. ನನ್ನ ಮಗಗ ಇದರಾಗ ಏನೂ ಗೊತ್ತಿಲ್ಲ. ಹುಚ್ಚು ಇದ್ರ ನನಗ ಐತಿ, ಅವಗಿಲ್ಲ.” ಒಳಗೆ ಹುಡುಗಿ ಶಶಿಕಲಾ ಕಿಸಕ್ಕೆಂದು ನಕ್ಕದ್ದು ಕೇಳಿಸಿತು. ಹುಡುಗಿಯ ಅಪ್ಪ ತಲೆ ಕೆರೆದುಕೊಂಡು, “ಅಲ್ಲ ಬೀಗರ… ಗೊಂಬಿ ಅಂದ್ರ ಎಂಥಾ ಗೊಂಬಿ?” ಎಂದರು. ಆಗ ನಾನು ಗೊಂಬೆಮನೆಯ ವಿಷಯ ಹೇಳಬೇಕಾಯಿತು. ಎರಡು ಅಂತಸ್ತು, ಒಲೆ, ಹೂವಿನ ಕಾಗದ, ಹೊರಳುವ ಮೆಟ್ಟಿಲು. ಹೇಳುತ್ತಾ ಹೇಳುತ್ತಾ ಯಾವಾಗ ಕೂತೆನೋ, ಚಹಾದ ಬಟ್ಟಲು ಯಾವಾಗ ಕೈಗೆ ಬಂತೋ ತಿಳಿಯಲಿಲ್ಲ.

ಅಜ್ಜಿ ಎಲ್ಲವನ್ನೂ ಕೇಳಿ ಕೊನೆಗೆ ತೀರ್ಪು ಕೊಟ್ಟರು. “ಶಕುನಾ ಗಿಕುನಾ ಏನಿಲ್ಲ. ತಪ್ಪ ಮಾಡಿ ಮನಿತನಕ ಬಂದು ಹೇಳೂ ಗಂಡಸನ್ನ ನಾ ಈ ವಯಸ್ಸಿಗೆ ಮೊದಲನೇ ಸಲ ನೋಡಾಕತ್ತೇನಿ. ಇಂಥಾ ಮನಿಗೆ ಹುಡುಗಿ ಕೊಟ್ರ ನಡೀತೈತಿ. ಹಲ್ಲು ಹೆಂಗೂ ಅಳ್ಳಾಡತಿತ್ತು.” ನನಗೆ ಎದೆಯ ಮೇಲಿನ ಚೀಲ ಇಳಿಸಿದಂತಾಯಿತು. ಅವರು ಐದು ಮೂರ್ತಿಗಳನ್ನು ತೊಳೆದು ಒರೆಸಿ ಬಟ್ಟೆಯಲ್ಲಿ ಕಟ್ಟಿ ಕೊಟ್ಟರು. ನಾನು ಸುಮ್ಮನೆ ನಮಸ್ಕಾರ ಮಾಡಿ ಎದ್ದುಬರಬೇಕಿತ್ತು. ಬದಲಾಗಿ, “ಛತ್ರಿಯಾಕಿ?” ಎಂದೆ. ಅಜ್ಜಿ ಸೊಂಟದ ಎಲೆಅಡಿಕೆ ಸಂಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. “ಅಕಿನ್ನ ಹಲ್ಲ ಕೊಟ್ಟ ತಗೊಂಡೇನಿ. ಕೊಡಂಗಿಲ್ಲ.” ನಾನು ನಾಚಿಕೆ ಬಿಟ್ಟು, “ಅವ್ವಾರ, ಬದಲಿಗೆ ಹಂಸ ತಗೋರಿ, ಜಿಂಕಿನೂ ಸೇರಸ್ತೇನಿ” ಎಂದೆ. ಹುಡುಗಿಯ ಅಪ್ಪ ಮುಖ ಆಚೆ ತಿರುಗಿಸಿಕೊಂಡು ನಗುತ್ತಿದ್ದರು. ಪಶ್ಚಾತ್ತಾಪಕ್ಕೆಂದು ಹೋದವನು ಚೌಕಾಶಿ ಮಾಡಿ, ಅದರಲ್ಲೂ ಸೋತು ಬಂದೆ.

ಮನೆಯಲ್ಲಿ ಏನಾಯಿತು ಎಂಬುದನ್ನು ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಗಂಗವ್ವ ಅದನ್ನು ದೊಡ್ಡದಾಗಿ ಹೇಳಿದ್ದಾಳೆ. “ಗೊಂಬಿ ತಂದಿದ್ದಕ್ಕ ಬೈತಿದ್ದೆ, ಬೈದು ಬಿಡ್ತಿದ್ದೆ. ಆ ಬಡವಿ ಹೆಸರು ಕೆಡಿಸಿದ್ರಲ್ರೀ. ಅದೂ ನನ್ನ ಬಾಯಿಲೇ ಕೆಡಿಸಿದ್ರಿ” ಎಂದು ಅತ್ತಳು. ಅದಕ್ಕೆ ನನ್ನ ಹತ್ತಿರ ಯಾವ ನಿಯಮವೂ ಇರಲಿಲ್ಲ. ಇಬ್ಬರೂ ನೀಲವ್ವನ ಮನೆಗೆ ಹೋದೆವು. ನಾನು ಹೇಳಿ ಮುಗಿಸಿದ ಮೇಲೆ ಅವಳು ತನ್ನ ಅಂಗೈಗಳನ್ನೇ ನೋಡಿಕೊಂಡಳು. “ಹಂಗಾದ್ರ ನನ್ನ ಕೈ ಕೆಟ್ಟಿಲ್ಲ” ಎಂದಳು. ನನಗಲ್ಲ, ತನಗೆ. ಆಮೇಲೆ ನಾನು ತಂದಿದ್ದ ಐದು ಮೂರ್ತಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದಳು. “ಇದೇನಣ್ಣ, ಹೋಳು ಕೂಡಿದ ಗೆರಿ ಬಗಲಾಗ ಹಂಗ ಐತಿ? ಅಚ್ಚು ಬಿಗಿ ಕಟ್ಟಿಲ್ಲ. ನಾ ಹಿಂಗ ಮಾಡಿದ್ರ ನಮ್ಮತ್ತಿ ಅದ ಅಚ್ಚು ತಗೊಂಡು ತಲಿಗೆ ಬಡೀತಿದ್ಲು. ಇಂಥಾದಕ್ಕ ನನ್ನ ಹೆಸರ ಕೆಡಿಸಿದಿ?” ನನ್ನ ಸಂಗ್ರಹಕ್ಕೆ ಅಷ್ಟು ನಿಖರವಾದ ವಿಮರ್ಶೆ ಹಿಂದೆಂದೂ ಬಂದಿರಲಿಲ್ಲ.

ಅವಳು ಹಾಕಿದ ದಂಡ ಇಷ್ಟು. ಗೊಂಬೆ ತಿರುಗಿ ಕೊಟ್ಟ ಪ್ರತಿ ಮನೆಗೂ ನಾನೇ ಹೋಗಬೇಕು, ನನ್ನ ಬಾಯಿಂದಲೇ ಹೇಳಬೇಕು, ಅವಳು ಹೊಸದಾಗಿ ಮಾಡಿದ ಗೊಂಬೆಗಳನ್ನು ನನ್ನ ಕೈಯಿಂದಲೇ ಕೊಡಬೇಕು, ಮತ್ತು ಅವರೆದುರು ಒಂದನ್ನು ಕಡಿದು ತೋರಿಸಬೇಕು. ಹುಣ್ಣಿಮೆಯೊಳಗೆ ಹದಿನೇಳು ಮನೆ. ಬುಟ್ಟಿ ಹೊತ್ತುಕೊಂಡು ಹೊರಟೆ. ಹದಿನೇಳು ಬಸವಣ್ಣರನ್ನು ತಿಂದೆ. ಡಾಕ್ಟರರಿಗೆ ಗೊತ್ತಾಗಿದ್ದರೆ ಬುಟ್ಟಿ ಇಳಿಸಿ ನನ್ನನ್ನೇ ಹೊತ್ತು ಆಸ್ಪತ್ರೆಗೆ ಒಯ್ಯುತ್ತಿದ್ದರು. ಜನ ಬೈದರು, ನಕ್ಕರು, ಕೊನೆಗೆ ಗೊಂಬೆ ತೆಗೆದುಕೊಂಡರು. ಮೂರು ಮನೆಯವರು ನೀಲವ್ವನ ಮನೆಗೇ ಹೋಗಿ, ತಪ್ಪಾತೆಂದು ಹೇಳಿ ಬಂದರು. ಆದರೆ ಪ್ರತಿ ಮನೆಯಲ್ಲೂ ಒಂದು ಸಂಗತಿ ನಡೆಯುತ್ತಿತ್ತು. ನಾನು “ಅದು ನನ್ನ ಗೊಂಬಿರಿ” ಎನ್ನುವುದು, ಅವರು “ಎಂಥಾ ಗೊಂಬಿ?” ಎನ್ನುವುದು. ಆಮೇಲೆ ನನ್ನ ಕೈಯಲ್ಲಿಲ್ಲ. ಹತ್ತನೆಯ ಮನೆಯ ಹೊತ್ತಿಗೆ ತಪ್ಪು ಎರಡು ನಿಮಿಷದಲ್ಲಿ ಮುಗಿದು, ಮೆಟ್ಟಿಲು ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು.

ಹುಣ್ಣಿಮೆ ಕಳೆಯಿತು, ನೀಲವ್ವನ ಕಟ್ಟೆ ಖಾಲಿಯಾಯಿತು, ಅಚ್ಚುಗಳು ಅಟ್ಟಕ್ಕೆ ಹೋಗಲಿಲ್ಲ. ಆದರೂ ದೂರದ ಓಣಿಗಳಲ್ಲಿ ಸುಣ್ಣ ಗಾರೆಯ ಮಾತು ಇನ್ನೂ ಸುಳಿದಾಡುತ್ತಿದೆ ಎಂದು ತಿಳಿದು, ಇದನ್ನು ಪತ್ರಿಕೆಗೆ ಬರೆದು ಹಾಕುತ್ತೇನೆಂದು ಕುಳಿತೆ. ಬರೆದದ್ದನ್ನು ಗಂಗವ್ವನಿಗೆ ಓದಿ ಹೇಳಿದೆ. ಅವಳು ಅಕ್ಕಿ ಆರಿಸುತ್ತಾ ಕೇಳಿದಳು. “ನೀಲವ್ವಂದು ಎಷ್ಟ ಬರದೀರಿ? ಬರೇ ಒಲಿ, ಕಿಡಕಿ, ಹೊರಳೂ ಮೆಟ್ಟಲಾ. ಇದನ್ನ ಓದಿದವರು ಸಕ್ಕರಿ ಗೊಂಬಿ ತಗೊಳ್ಳಾಕ ಹೋಗೂದಿಲ್ಲ, ನಿಮ್ಮ ಪಾರಿವಾಳದ ಗೂಡ ನೋಡಾಕ ಬರ್ತಾರ. ತಪ್ಪ ಒಪ್ಪಿಕೊಳ್ಳಾಕ ಕುಂತೀರೋ, ಜಾಹೀರಾತ ಕೊಡಾಕ ಕುಂತೀರೋ?” ಹಾಳೆಗಳನ್ನು ತಿರುವಿ ನೋಡಿದೆ. ಅವಳ ಲೆಕ್ಕ ಸರಿಯಾಗಿತ್ತು. ಆದ್ದರಿಂದ ಬೇರೇನನ್ನೂ ಬೆರೆಸದೆ ಇಲ್ಲಿ ಬರೆಯುತ್ತೇನೆ: ನೀಲವ್ವನ ಸಕ್ಕರೆಯಲ್ಲಿ ಕಲ್ಲಿರಲಿಲ್ಲ. ಕಲ್ಲು ಇಟ್ಟವನು ನಾನು, ಅವಳ ಹೆಸರು ಹೇಳಿದವನೂ ನಾನು. ತಪ್ಪಾಯಿತು. ಇಷ್ಟು ಬರೆದು ಪೆನ್ನು ಮುಚ್ಚಿದೆ. ಮುಚ್ಚಿದ ಪೆನ್ನನ್ನು ಮತ್ತೆ ತೆರೆದದ್ದು ಒಂದೇ ಕಾರಣಕ್ಕೆ. ಯಾರಾದರೂ ಬರುವುದೇ ಆದರೆ ಮೊದಲು ನೀಲವ್ವನ ಮನೆಗೆ ಹೋಗಿ, ಅಲ್ಲಿಂದ ನಮ್ಮದು ನಾಲ್ಕನೆಯ ಬಾಗಿಲು. ನಾಲ್ಕು ಗಂಟೆಯ ಮೇಲೆ ಬಂದರೆ ಒಳ್ಳೆಯದು, ಆಗ ಕಿಟಕಿಯ ಬಿಸಿಲು ಸರಿಯಾಗಿ ಮೆಟ್ಟಿಲಿನ ಮೇಲೆ ಬೀಳುತ್ತದೆ.